ಬೆಟ್ಟದ ಗಾಯ, ಬಯಲಿನ ಆಸ್ಪತ್ರೆ

ನೀಲಗಿರಿಯ ಕೋತಗಿರಿ ಪೇಟೆಯಿಂದ ಚಹಾ ತೋಟಗಳ ನಡುವೆ ಸುಮಾರು 15 ಕಿಲೋಮೀಟರ್ ತಿರುವುಗಳಲ್ಲಿ ಸಾಗಿದರೆ ಕೀಳ್ ಕೋತಗಿರಿ. ಸುತ್ತ ಬಡಗರ ಹಟ್ಟಿಗಳು, ತೋಟದ ಲೈನು ಮನೆಗಳು, ಇಳಿಜಾರಿನ ಕಾಡಂಚಿನಲ್ಲಿ ಇರುಳರ, ಕುರುಂಬರ ಊರುಗಳು. ಇಲ್ಲಿ ಯಾರಿಗಾದರೂ ಪೆಟ್ಟಾದರೆ ಗಾಯ ಎಷ್ಟು ಆಳ ಎಂದು ನೋಡುವಾಗಲೇ ಗಾಡಿ ಯಾರದು ಸಿಕ್ಕೀತು ಎಂದೂ ಯೋಚಿಸಬೇಕು. ಪೇಟೆಯಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಕೋತಗಿರಿ ಮೆಡಿಕಲ್ ಫೆಲೋಶಿಪ್ ಆಸ್ಪತ್ರೆ ಇದೆ. ಅಲ್ಲಿ ಆಗದ್ದಕ್ಕೆ ಇನ್ನೂ 30 ಕಿಲೋಮೀಟರಿನಷ್ಟು ಹತ್ತಿ ಊಟಿಗೆ ಹೋಗಬೇಕು. ಅಲ್ಲಿ 2025ರ ಏಪ್ರಿಲಿನಲ್ಲಿ 700 ಹಾಸಿಗೆಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಉದ್ಘಾಟನೆಯಾಯಿತು. ಇಲ್ಲವೇ 33 ಕಿಲೋಮೀಟರ್ ಘಾಟಿ ಇಳಿದು ಮೇಟ್ಟುಪಾಳ್ಯ ಸೇರಿ, ಮತ್ತೆ ಹೆಚ್ಚುಕಡಿಮೆ ಅಷ್ಟೇ ದೂರ ಬಯಲಲ್ಲಿ ಓಡಿ ಕೊಯಮತ್ತೂರು ಮುಟ್ಟಬೇಕು.

ಮನೆಯಲ್ಲೇ ನೋಡಿಕೊಳ್ಳೋಣವೇ, ಆಸ್ಪತ್ರೆಗೆ ಹೊರಡೋಣವೇ ಎಂಬ ಪ್ರಶ್ನೆಗೆ ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಉತ್ತರ, ಕೀಳ್ ಕೋತಗಿರಿಯಲ್ಲಿ ಬೇರೆಯೇ ಉತ್ತರ. ಬಸವನಗುಡಿಯವರು ‘ರಾತ್ರಿ ನೋಡೋಣ, ಜಾಸ್ತಿಯಾದರೆ ಹೋದರಾಯಿತು’ ಎನ್ನಬಹುದು. ಕರೆದರೆ ಆಟೊ ಬರುತ್ತದೆ. ಬೆಟ್ಟದಲ್ಲಿ ನೋವು ಜಾಸ್ತಿಯಾಗುವ ಹೊತ್ತಿಗೆ ಬಸ್ಸು ನಿಂತಿರುತ್ತದೆ, ಮಂಜು ಇಳಿದಿರುತ್ತದೆ, ತಿರುವಿನಲ್ಲಿ ಕಾಡೆಮ್ಮೆಯೋ ಕರಡಿಯೋ ನಿಂತಿರಲೂಬಹುದು. ಬೆಟ್ಟದವರು ರಕ್ತ, ನೋವುಗಳ ಜೊತೆಗೆ ಇನ್ನೊಂದು ಲೆಕ್ಕ ಹಾಕಬೇಕು: ಈ ಗಾಯ ನನಗೆ ಎಷ್ಟು ಹೊತ್ತು ಕೊಡುತ್ತದೆ, ಅದರಲ್ಲಿ ದಾರಿಗೇ ಎಷ್ಟು ಹೋಗುತ್ತದೆ? ಕೆಲವು ಗಾಯಗಳು ನಿಮಿಷಗಳನ್ನಷ್ಟೇ ಕೊಡುತ್ತವೆ, ಕೆಲವು ಗಂಟೆಗಳನ್ನು, ಇನ್ನು ಕೆಲವು ದಿನಗಳನ್ನು.

ಆಸ್ಪತ್ರೆಗೆ ಹೋಗದೆ ಉಳಿಯುವವರನ್ನು ಅಜ್ಞಾನಿಗಳು ಎನ್ನಲು ನನಗೆ ಮನಸ್ಸಿಲ್ಲ. ಒಂದು ದಿನ ಪೇಟೆಗೆ ಹೋದರೆ ಆ ದಿನದ ಕೂಲಿ ಹೋಯಿತು, ಜೊತೆಗೆ ಹೋದವರ ಕೂಲಿಯೂ ಹೋಯಿತು, ಜೀಪಿನ ಬಾಡಿಗೆ ಬೇರೆ. ಕೊಯ್ಲಿಗೆ ಬಂದ ಎಲೆ ಯಾರ ಕೈನೋವಿಗೂ ಕಾಯುವುದಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ ಕೆಲಸದವರ ವೈದ್ಯಕೀಯ ಸೌಕರ್ಯವನ್ನು ದೊಡ್ಡ ತೋಟಗಳ ಮಾಲೀಕರ ಮೇಲೆ ಹೊರಿಸಿತು. ಆದರೆ ಕೋತಗಿರಿಯ ಕಡೆ ಚಹಾ ಬೆಳೆಯುವವರಲ್ಲಿ ಬಹಳಷ್ಟು ಮಂದಿ ಸಣ್ಣ ಬೆಳೆಗಾರರು. ಅರ್ಧ ಎಕರೆ, ಎರಡು ಎಕರೆಯ ಒಡೆಯನೇ ತನ್ನ ತೋಟದ ಕೂಲಿಯೂ ಆಗಿರುವಾಗ ಅವನ ಕೈ ಕೊಯ್ದರೆ ನೋಡಲು ಡಿಸ್ಪೆನ್ಸರಿ ಎಲ್ಲಿಂದ ಬರಬೇಕು? ಹಾಗಾಗಿ ಯಾವುದಕ್ಕೆ ಹೋಗಬೇಕಿಲ್ಲ ಎಂದು ತಿಳಿಯುವುದೂ ಇಲ್ಲಿ ದುಡ್ಡಿನ ಮಾತು.

ಮೊದಲು ಕತ್ತಿಯ ಗಾಯ. ಚಹಾ ಗಿಡದ ಕವಾತು ಮಾಡುವಾಗ ಕತ್ತಿ ಜಾರಿ ಎಡಗೈಗೆ ತಗಲುವುದು ಸಾಮಾನ್ಯ. ಆ ಕ್ಷಣದಲ್ಲಿ ಕಾಫಿಪುಡಿ, ಅರಿಶಿನ, ಸುಣ್ಣ, ಹೊಗೆಸೊಪ್ಪು, ಬೇಲಿಯ ಸೊಪ್ಪಿನ ರಸ ಎಲ್ಲವೂ ನೆನಪಾಗುತ್ತವೆ. ಇವುಗಳ ಬದಲು ಒಂದು ಶುಭ್ರವಾದ ಬಟ್ಟೆ ಸಾಕು. ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ, ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ, ಹತ್ತು ಹದಿನೈದು ನಿಮಿಷ ಬಿಡದೆ ಹಿಡಿಯಬೇಕು. ನಡುವೆ ‘ನಿಂತಿತಾ’ ಎಂದು ಬಟ್ಟೆ ಎತ್ತಿ ನೋಡಬಾರದು. ನೋಡಿದಾಗಲೆಲ್ಲ ಹೆಪ್ಪುಗಟ್ಟುತ್ತಿದ್ದ ರಕ್ತ ಕಿತ್ತುಬರುತ್ತದೆ. ಪುಡಿ ಮೆತ್ತಿದ ಗಾಯವನ್ನು ಆಸ್ಪತ್ರೆಯಲ್ಲಿ ಉಜ್ಜಿ ತೊಳೆದ ಮೇಲೆಯೇ ಹೊಲಿಗೆ ಹಾಕಬೇಕು, ಆ ನೋವನ್ನು ಉಣ್ಣುವವರು ಗಾಯಗೊಂಡವರೇ.

ರಕ್ತ ನಿಂತ ಮೇಲೆ ನೋಡಬೇಕಾದ್ದು ಬೇರೆ. ಗಾಯದ ತುಟಿಗಳು ತಾವಾಗಿ ಕೂಡಿಕೊಂಡಿವೆಯೇ, ಬಾಯಿ ತೆರೆದಿವೆಯೇ? ಬೆರಳುಗಳು ಒಂದೊಂದಾಗಿ ಮಡಚುತ್ತವೆಯೇ, ನೆಟ್ಟಗಾಗುತ್ತವೆಯೇ? ಗಾಯದ ಆಚೆ ತುದಿಬೆರಳನ್ನು ಮೆಲ್ಲಗೆ ಮುಟ್ಟಿದರೆ ತಿಳಿಯುತ್ತದೆಯೇ? ಬೆರಳು ಮಡಚದಿದ್ದರೆ ಸ್ನಾಯುವಿನ ಹುರಿ ತುಂಡಾಗಿರಬಹುದು, ಮುಟ್ಟಿದ್ದು ತಿಳಿಯದಿದ್ದರೆ ನರ ತುಂಡಾಗಿರಬಹುದು. ಹೊರಗೆ ಅರ್ಧ ಅಂಗುಲದ ಗೀರಿದ್ದರೂ ಅದು ಆಸ್ಪತ್ರೆಯ ಗಾಯ. ಬಾಯಿ ತೆರೆದ ಗಾಯಕ್ಕೆ ಆರೆಂಟು ಗಂಟೆಯೊಳಗೆ ಹೊಲಿಗೆ ಬಿದ್ದರೆ ಒಳ್ಳೆಯದು, ತಡವಾದಷ್ಟೂ ಸೋಂಕಿನ ಭಯ ಹೆಚ್ಚು. ಮಧ್ಯಾಹ್ನ ಮೂರಕ್ಕೆ ಕೊಯ್ದ ಕೈಯನ್ನು ಬೆಳಗ್ಗೆ ತೋರಿಸೋಣ ಎಂದರೆ ಆ ಅವಧಿ ಮುಗಿದಿರುತ್ತದೆ. ತುಟಿ ಕೂಡಿಕೊಂಡ, ಬೆರಳು ಆಡುವ, ಸ್ಪರ್ಶ ತಿಳಿಯುವ ಗಾಯಕ್ಕೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಕಟ್ಟು ಹಾಕಿ ಮನೆಯಲ್ಲಿರಬಹುದು.

ಧನುರ್ವಾಯುವಿನ ಚುಚ್ಚುಮದ್ದಿನ ವಿಷಯದಲ್ಲಿ ಎರಡು ಅತಿರೇಕಗಳಿವೆ: ಪ್ರತಿ ಗೀರಿಗೂ ಟಿಟಿ ಹಾಕಿಸಿಕೊಳ್ಳುವವರು, ಮೊಳೆ ಹೊಕ್ಕರೂ ಹಾಕಿಸಿಕೊಳ್ಳದವರು. ಮೊದಲಿನ ಸುತ್ತಿನ ಲಸಿಕೆಗಳೆಲ್ಲ ಸರಿಯಾಗಿ ಆದವರಿಗೆ ಶುಭ್ರ ಗಾಯವಾದರೆ ಕೊನೆಯ ಚುಚ್ಚುಮದ್ದಿನಿಂದ ಹತ್ತು ವರ್ಷ, ಮಣ್ಣು, ಸಗಣಿ ಸೇರಿದ ಆಳದ ಗಾಯವಾದರೆ ಐದು ವರ್ಷ ರಕ್ಷಣೆಯ ಲೆಕ್ಕ. ಯಾವಾಗ ಹಾಕಿಸಿದ್ದೆಂದು ನೆನಪೇ ಇಲ್ಲದಿದ್ದರೆ ಹಾಕಿಸಿಕೊಳ್ಳುವುದೇ ಸರಿ, ಅದಕ್ಕೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು.

ಹೆಚ್ಚು ರಕ್ತ ಬಂದದ್ದೆಲ್ಲ ದೊಡ್ಡ ಗಾಯ ಎಂಬ ನಂಬಿಕೆ ಈ ಬೆಟ್ಟದಲ್ಲಿ ಮೊದಲು ಸುಳ್ಳಾಗುವುದು ಜಿಗಣೆಯಿಂದ. ಮಳೆಗಾಲದಲ್ಲಿ ತೋಟಕ್ಕೆ ಇಳಿದವರ ಕಾಲಿನಿಂದ ರಕ್ತ ಗಂಟೆಗಟ್ಟಲೆ ಜಿನುಗುತ್ತದೆ, ಏಕೆಂದರೆ ಜಿಗಣೆ ತನ್ನ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಬಿಟ್ಟಿರುತ್ತದೆ. ಉಗುರಿನಿಂದ ಅದರ ಬಾಯಿಯ ಬದಿಗೆ ಮೆಲ್ಲಗೆ ಜಾರಿಸಿ ತೆಗೆದು, ತೊಳೆದು, ಒತ್ತಿ ಹಿಡಿದರೆ ಆಯಿತು. ತಲೆಯ ಚರ್ಮದ ಗಾಯವೂ ಹಾಗೆ ಮುಖವೆಲ್ಲ ತೊಯ್ಯುವಂತೆ ಸುರಿಯುತ್ತದೆ, ಒತ್ತಿದರೆ ನಿಲ್ಲುತ್ತದೆ. ತಲೆಯ ಮಟ್ಟಿಗೆ ಭಯ ಪಡಬೇಕಾದ್ದು ಚರ್ಮದ ಒಳಗಿನದಕ್ಕೆ, ಅದನ್ನು ಮುಂದೆ ಹೇಳುತ್ತೇನೆ.

ರಕ್ತವೇ ಬಾರದೆ ಕೊಲ್ಲುವ ಗಾಯವೂ ಇದೆ. ಹುಚ್ಚುನಾಯಿಯ ಹಲ್ಲು ಕಾಲಿನ ಮೇಲೆ ಗೀರಿದಷ್ಟೇ ಆಗಿದ್ದರೂ ಆ ಗೀರು ಪ್ರಾಣಾಂತಿಕ. ಇದನ್ನು ನೀಲಗಿರಿಗಿಂತ ಚೆನ್ನಾಗಿ ಬಲ್ಲ ಊರು ದಕ್ಷಿಣ ಭಾರತದಲ್ಲಿ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಚ್ಚುನಾಯಿ ಕಡಿತಕ್ಕೆ ಮದ್ದು ಕೊಡುವ ಸಂಸ್ಥೆ ಭಾರತದಲ್ಲಿ ಇದ್ದದ್ದು ಹಿಮಾಲಯದ ಬುಡದ ಕಸೌಲಿಯಲ್ಲಿ. ದಕ್ಷಿಣದವರು ಕಚ್ಚಿಸಿಕೊಂಡರೆ ದಿನಗಟ್ಟಲೆ ರೈಲಿನಲ್ಲಿ ಅಲ್ಲಿಗೆ ಹೋಗಬೇಕಿತ್ತು. 1902ರಲ್ಲಿ ಹೀಗೆ ಮದ್ದು ಸಿಗದೆ ತೀರಿಕೊಂಡ ಆಂಗ್ಲ ಯುವತಿಯೊಬ್ಬಳ ಸಾವು ಇಲ್ಲಿಯೂ ಒಂದು ಸಂಸ್ಥೆ ಬೇಕೆಂಬ ಒತ್ತಾಯಕ್ಕೆ ಕಾರಣವಾಯಿತು. ಅಮೆರಿಕದ ದಾನಿ ಹೆನ್ರಿ ಫಿಪ್ಸ್ ವೈಸರಾಯ್ ಕರ್ಜನ್ ಕೈಗೆ ಕೊಟ್ಟಿದ್ದ ಹಣದಲ್ಲಿ ಒಂದು ಪಾಲು ಇದಕ್ಕೆ ಒದಗಿತು. 1907ರ ಏಪ್ರಿಲಿನಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಬಾಗಿಲು ತೆರೆಯಿತು. ಕೋತಗಿರಿಯಿಂದ ಅದು 20 ಕಿಲೋಮೀಟರ್ ಆಸುಪಾಸು. ಸಿಮ್ಸ್ ಪಾರ್ಕ್ ನೋಡಲು ಹೋದ ಕನ್ನಡದ ಪ್ರವಾಸಿಗರು ಎದುರಿನ ಆ ಹಳೆಯ ಕಟ್ಟಡವನ್ನು ಗಮನಿಸದೆ ಬರುತ್ತಾರೆ, ನನಗೆ ಅದು ಹೂವಿನ ಪಾತಿಗಿಂತ ದೊಡ್ಡ ನೋಟ. ಬಹುಕಾಲ ಅಲ್ಲಿ ತಯಾರಾಗುತ್ತಿದ್ದದ್ದು ಕುರಿಯ ಮಿದುಳಿನಿಂದ ಮಾಡಿದ ಲಸಿಕೆ. ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಎಂದು ಹಿರಿಯರು ಇಂದಿಗೂ ಹೆದರಿಸುವುದು ಆ ಕಾಲದ ನೆನಪಿನಿಂದ. ಆ ಬಗೆಯ ಲಸಿಕೆ ಭಾರತದಲ್ಲಿ ನಿಂತು ಇಪ್ಪತ್ತು ವರ್ಷವಾಯಿತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ತೋಳಿನ ಚರ್ಮದೊಳಗೆ ಸಣ್ಣ ಸೂಜಿಯಿಂದ ಕೊಡುತ್ತಾರೆ: ಮೊದಲ ದಿನ, ಆಮೇಲೆ ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ.

ನಾಯಿ, ಬೆಕ್ಕು, ಕೋತಿ ಯಾವುದು ಕಚ್ಚಿದರೂ ಪರಚಿದರೂ ಮನೆಯಲ್ಲಿ ಮಾಡಬೇಕಾದ ಒಂದು ಕೆಲಸವಿದೆ, ಅದನ್ನು ಆಸ್ಪತ್ರೆಗೂ ಬಿಡಬಾರದು. ಹರಿಯುವ ನಲ್ಲಿ ನೀರಿನಲ್ಲಿ ಸೋಪು ಹಚ್ಚಿ ಪೂರ್ತಿ ಹದಿನೈದು ನಿಮಿಷ ತೊಳೆಯುವುದು. ಎರಡು ನಿಮಿಷಕ್ಕೇ ‘ಆಯಿತಲ್ಲ’ ಅನಿಸುತ್ತದೆ, ಗಡಿಯಾರ ನೋಡಿಕೊಂಡೇ ತೊಳೆಯಿರಿ. ಮೆಣಸಿನ ಪುಡಿ, ಸುಣ್ಣ, ಎಣ್ಣೆ ಬೇಡ. ಆಮೇಲೆ ಆ ದಿನವೇ ಲಸಿಕೆಗೆ ಹೊರಡಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಎಂಬ ಮದ್ದು ಚುಚ್ಚಬೇಕು. ಲಸಿಕೆ ಮೈಯಲ್ಲಿ ಶಕ್ತಿ ಹುಟ್ಟಿಸುವ ತನಕ ವೈರಸ್ಸನ್ನು ತಡೆಯುವುದು ಅದೇ. ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ತಿಂಗಳು, ಮೂರು ತಿಂಗಳು ಹಿಡಿಯುತ್ತದೆ. ಆದ್ದರಿಂದ ವಾರದ ಹಿಂದೆ ಕಚ್ಚಿಸಿಕೊಂಡು ಸುಮ್ಮನಿದ್ದವರೂ ಇವತ್ತು ಹೋಗಿ ಹಾಕಿಸಿಕೊಳ್ಳಬೇಕು. ರೋಗ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ. ‘ನಮ್ಮ ಮನೆ ನಾಯಿ, ಮರಿ, ಆಡುತ್ತ ಕಚ್ಚಿದ್ದು’ ಎಂಬ ಮಾತಿನ ಮೇಲೆ ಮಗುವಿನ ಪ್ರಾಣವನ್ನು ಪಣಕ್ಕಿಡಬಾರದು.

ಹಾವಿನ ವಿಷಯ ಇದಕ್ಕೆ ತದ್ವಿರುದ್ಧ, ಅಲ್ಲಿ ಹೊತ್ತೇ ಇಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಕರ್ನಾಟಕವೂ ತಮಿಳುನಾಡೂ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದವು. ನಮ್ಮಲ್ಲಿ ಸಿಗುವ ವಿಷನಿರೋಧಕ ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಸಂಬಂಧಿಸಿದ್ದು. ಅದಕ್ಕೆ ಬೇಕಾದ ವಿಷದ ದೊಡ್ಡ ಪಾಲು ಬರುವುದು ಚೆನ್ನೈ ಹತ್ತಿರ 1978ರಲ್ಲಿ ಹುಟ್ಟಿದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ. ಕೀಳ್ ಕೋತಗಿರಿಯ ಕೆಳಗಿನ ಬಿಸಿಲ ಇಳಿಜಾರಿನಲ್ಲಿ ಈ ನಾಲ್ಕರಲ್ಲಿ ಯಾವುದಾದರೂ ಕಚ್ಚಬಹುದು. ಮೇಲಿನ ತಂಪು ತೋಟಗಳಲ್ಲಿ ಚಹಾ ಗಿಡದ ಎಲೆಯೊಳಗೆ ಸುತ್ತಿಕೊಂಡಿರುವುದು ಗುಳಿಮಂಡಲದ ಜಾತಿ. ಅವುಗಳ ವಿಷಕ್ಕೆ ಈ ನಿರೋಧಕ ಕೆಲಸ ಮಾಡುವುದಿಲ್ಲ. ಹಾಗೆಂದು ಮನೆಯಲ್ಲಿರಬಹುದು ಎಂದು ಅರ್ಥವಲ್ಲ. ರಕ್ತ ಹೆಪ್ಪುಗಟ್ಟುತ್ತಿದೆಯೇ, ಮೂತ್ರಪಿಂಡ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಆಸ್ಪತ್ರೆಯೇ ಬೇಕು. ಕಚ್ಚಿದ್ದು ಯಾವ ಹಾವು ಎಂದು ನಿರ್ಧರಿಸುವ ಹೊಣೆ ನಿಮ್ಮದಲ್ಲ. ಅದನ್ನು ಹುಡುಕಿ ಕೊಲ್ಲಲು ಹೋಗಿ ಎರಡನೆಯವರೂ ಕಚ್ಚಿಸಿಕೊಳ್ಳುವುದಿದೆ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ಮುರಿದ ಕೈಗೆ ಕಟ್ಟುವಂತೆ ದಬ್ಬೆ ಕಟ್ಟಿ ಅಲುಗದಂತೆ ಮಾಡಿ, ಅವರನ್ನು ನಡೆಸದೆ ಹೊತ್ತು ಗಾಡಿಗೆ ಸೇರಿಸಿ. ಕೊಯ್ಯುವುದು, ಚೀಪುವುದು, ಹಗ್ಗ ಬಿಗಿಯುವುದು ಬೇಡ. ಹೊರಡುವ ಮುನ್ನ ಒಂದು ಫೋನ್ ಮಾಡಿ ವಿಷನಿರೋಧಕ ಎಲ್ಲಿದೆ ಎಂದು ಕೇಳಿಕೊಂಡರೆ ತಪ್ಪು ದಿಕ್ಕಿನ 15 ಕಿಲೋಮೀಟರ್ ಉಳಿಯುತ್ತದೆ.

ಕಾಡೆಮ್ಮೆಯ ತಿವಿತಕ್ಕೆ, ಕರಡಿಯ ದಾಳಿಗೆ ಸಿಕ್ಕವರು ಈ ಕಡೆಯ ಸುದ್ದಿಯಲ್ಲಿ ಆಗಾಗ ಬರುತ್ತಾರೆ. ಕರಡಿಯ ಗಾಯ ಯಾರಿಗೂ ಅನುಮಾನ ಹುಟ್ಟಿಸುವುದಿಲ್ಲ; ಮುಖ, ತಲೆ ಹರಿದಿರುತ್ತದೆ, ಎತ್ತಿಕೊಂಡು ಓಡುತ್ತಾರೆ. ಕಾಡೆಮ್ಮೆಯ ಗುದ್ದು ಹಾಗಲ್ಲ. ಎದ್ದು ನಿಲ್ಲುತ್ತಾರೆ, ಮೈ ಕೊಡವಿಕೊಳ್ಳುತ್ತಾರೆ, ಪಕ್ಕೆಯಲ್ಲಿ ಒಂದು ನೀಲಿ ಕಲೆ ಮಾತ್ರ. ಒಳಗೆ ಗುಲ್ಮವೋ ಯಕೃತ್ತೋ ಬಿರಿದು ಹೊಟ್ಟೆಯಲ್ಲಿ ರಕ್ತ ತುಂಬುತ್ತಿದ್ದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಹೊಟ್ಟೆ ಬಿಗಿಯುವುದು, ಎಡ ಹೆಗಲಿಗೆ ನೋವು ಹರಿಯುವುದು, ತಣ್ಣನೆ ಬೆವರು, ನಿಂತರೆ ಕಣ್ಣು ಕತ್ತಲೆ, ಓಡುವ ನಾಡಿ ಇವು ಬರುವವರೆಗೆ ಕಾಯುವುದು ಬೆಟ್ಟದಲ್ಲಿ ಸಲ್ಲದು. ದೊಡ್ಡ ಪ್ರಾಣಿ ಗುದ್ದಿದ್ದರೆ, ಮರದಿಂದಲೋ ದಿಬ್ಬದಿಂದಲೋ ಬಿದ್ದಿದ್ದರೆ, ಬೈಕಿನ ಹ್ಯಾಂಡಲ್ ಹೊಟ್ಟೆಗೆ ಒತ್ತಿದ್ದರೆ ಚೆನ್ನಾಗಿ ಕಾಣುವಾಗಲೇ ಪೇಟೆ ಸೇರಿರಬೇಕು. ಅಲ್ಲಿ ಒಂದು ರಾತ್ರಿ ಕಾದು ಏನೂ ಆಗಲಿಲ್ಲ ಎಂದು ವಾಪಸು ಬಂದರೆ ಅದು ದಂಡದ ಪ್ರಯಾಣವಲ್ಲ.

ತಲೆಯ ಪೆಟ್ಟೂ ಇದೇ ಸಾಲಿನದು. ಬಿದ್ದವರು ಎಚ್ಚರಗೊಂಡು, ಮಾತಾಡಿ, ಚಹಾ ಕುಡಿದು, ಕೆಲವು ಗಂಟೆಗಳ ಮೇಲೆ ಮತ್ತೆ ಮಂಕಾಗುವುದುಂಟು. ತಲೆಬುರುಡೆಯೊಳಗೆ ರಕ್ತ ಶೇಖರವಾಗುತ್ತಿರುವ ಲಕ್ಷಣ ಅದು. ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಕೇಳಿದ್ದನ್ನೇ ಕೇಳುತ್ತಿದ್ದರೆ, ಮೂಗಿನಿಂದಲೋ ಕಿವಿಯಿಂದಲೋ ನೀರಿನಂಥದ್ದು ಸೋರಿದರೆ, ರಕ್ತ ತೆಳುವಾಗುವ ಮಾತ್ರೆ ನುಂಗುವ ಹಿರಿಯರಾಗಿದ್ದರೆ ಕೂಡಲೇ ಹೊರಡಬೇಕು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಕುಡಿದು ಬಿದ್ದವರನ್ನು ‘ಮಲಗಲಿ, ಬೆಳಗ್ಗೆ ಸರಿಹೋಗುತ್ತಾನೆ’ ಎಂದು ಜಗುಲಿಯಲ್ಲಿ ಬಿಡುತ್ತೇವೆ. ಸಾರಾಯಿಯ ಮಂಪರು, ಮಿದುಳಿನ ರಕ್ತಸ್ರಾವದ ಮಂಪರು ನೋಡುವವರ ಕಣ್ಣಿಗೆ ಒಂದೇ ಥರ. ತಲೆಗೆ ಪೆಟ್ಟಾಗಿ ಬಾಯಿಂದ ವಾಸನೆ ಬರುತ್ತಿರುವ ಮನುಷ್ಯನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಅವನ ಮೇಲಿನ ಸಿಟ್ಟು ಆಮೇಲೆ ತೀರಿಸಿಕೊಳ್ಳಬಹುದು.

ಪಾದದ ಉಳುಕಿಗೆ ಇಷ್ಟು ಗಾಬರಿ ಬೇಡ. ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಪ್ರಕಟಿಸಿದ ಒಂದು ಸರಳ ನಿಯಮವನ್ನು ಜಗತ್ತಿನ ತುರ್ತು ವಿಭಾಗಗಳು ಬಳಸುತ್ತವೆ. ಬಿದ್ದ ಕೂಡಲೇ ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲು ಆಯಿತೇ? ಆಮೇಲೂ ಆಗುತ್ತದೆಯೇ? ಕಾಲಿನ ಗಿಣ್ಣಿನ ಎರಡೂ ಮೂಳೆಗಳ ಹಿಂಬದಿ ಮತ್ತು ತುದಿ, ಪಾದದ ಹೊರ ಅಂಚಿನ ಮಧ್ಯದ ಉಬ್ಬು, ಒಳ ಅಂಚಿನ ಮಧ್ಯದ ಮೂಳೆ ಇವನ್ನು ಒತ್ತಿದರೆ ಮೂಳೆಯೇ ನೋಯುತ್ತದೆಯೇ? ನಡೆಯಲು ಆಗಿ, ಮೂಳೆ ನೋಯದಿದ್ದರೆ ಎಕ್ಸ್‌ರೇ ಬೇಕಾಗುವುದು ತೀರಾ ಅಪರೂಪ. ಊತ ಎಷ್ಟೇ ಇರಲಿ, ವಿಶ್ರಾಂತಿ, ಕಟ್ಟು, ಕಾಲನ್ನು ಎತ್ತರಕ್ಕಿಟ್ಟು ಮಲಗುವುದು ಸಾಕು. ಚಿಕ್ಕ ಮಕ್ಕಳಿಗೂ ಪಾದದ ಸ್ಪರ್ಶ ಕಡಿಮೆಯಾಗಿರುವ ಸಕ್ಕರೆ ಕಾಯಿಲೆಯವರಿಗೂ ಈ ಲೆಕ್ಕವನ್ನು ನೆಚ್ಚಬಾರದು.

ಸುಟ್ಟ ಗಾಯಕ್ಕೆ ಎಲ್ಲ ಕಡೆ ಒಂದೇ ಮದ್ದು: ಹರಿಯುವ ತಣ್ಣೀರು, ಇಪ್ಪತ್ತು ನಿಮಿಷ. ಪೇಸ್ಟ್, ಶಾಯಿ, ಮಂಜುಗಡ್ಡೆ ಬೇಡ. ಚಳಿಗಾಲದಲ್ಲಿ ನೀಲಗಿರಿಯ ನಲ್ಲಿ ನೀರು ಕೊರೆಯುತ್ತದೆ. ಸ್ನಾನದ ಬಿಸಿನೀರು ಬಿದ್ದ ಮಗುವಿನ ಇಡೀ ಮೈಯನ್ನು ಆ ನೀರಿನಲ್ಲಿ ಹಿಡಿದರೆ ಶೀತವೇ ಅಪಾಯ ತರುತ್ತದೆ. ಸುಟ್ಟ ಜಾಗಕ್ಕೆ ನೀರು, ಉಳಿದ ಮೈಗೆ ಕಂಬಳಿ. ಗಾಯಗೊಂಡವರ ಅಂಗೈಗಿಂತ ಅಗಲವಾದ ಸುಟ್ಟ ಗಾಯ, ಮುಖ, ಕೈ, ಕೀಲು, ಗುಪ್ತಾಂಗದ ಗಾಯ, ಕರೆಂಟು ಹೊಡೆದದ್ದು ಇವೆಲ್ಲ ಆಸ್ಪತ್ರೆಗೆ.

ಯಂತ್ರಕ್ಕೆ ಸಿಕ್ಕಿ ಬೆರಳು ತುಂಡಾದರೆ ತುಂಡನ್ನು ಎಸೆಯಬೇಡಿ. ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಆ ಚೀಲವನ್ನು ಮಂಜುಗಡ್ಡೆಯ ಮೇಲೆ ಇಡಿ. ಮಂಜುಗಡ್ಡೆ ನೇರವಾಗಿ ಬೆರಳಿಗೆ ತಗಲಬಾರದು. ಕೈ ಮರುಜೋಡಣೆಗೆ ದೇಶಕ್ಕೇ ಹೆಸರಾದ ಗಂಗಾ ಆಸ್ಪತ್ರೆ ಇರುವುದು ಕೊಯಮತ್ತೂರಿನಲ್ಲಿ. ಹೀಗೆ ತಣ್ಣಗಿಟ್ಟ ಬೆರಳು ಹಲವು ಗಂಟೆ ತಾಳುತ್ತದೆ. ಮಾಂಸಖಂಡ ಹೆಚ್ಚಿರುವ ತೋಳೋ ಕಾಲೋ ತುಂಡಾದರೆ ಆರು ಗಂಟೆಯ ಒಳಗಿನ ಮಾತು, ಘಾಟಿಯ ಹೊತ್ತು ಸೇರಿ.

ದುಡ್ಡಿನ ಭಯಕ್ಕೂ ಪೊಲೀಸರ ಭಯಕ್ಕೂ ಉತ್ತರಗಳಿವೆ, ಅವು ಹಟ್ಟಿಗಳನ್ನು ತಲುಪಿಲ್ಲ. ತಮಿಳುನಾಡಿನಲ್ಲಿ 108 ಆಂಬುಲೆನ್ಸ್ ಶುರುವಾದದ್ದು 2008ರಲ್ಲಿ, ಅದಕ್ಕೆ ಹಣ ಕೊಡಬೇಕಿಲ್ಲ. ರಸ್ತೆ ಅಪಘಾತವಾದವರಿಗೆ ಮೊದಲ 48 ಗಂಟೆಯ ಚಿಕಿತ್ಸೆಯನ್ನು ಸರ್ಕಾರವೇ ಭರಿಸುವ ‘ಇನ್ನುಯಿರ್ ಕಾಪ್ಪೋಂ’ ಯೋಜನೆ 2021ರ ಡಿಸೆಂಬರಿನಿಂದ ಇದೆ. ಯಾವ ರಾಜ್ಯದವರೆಂದು ಅದು ಕೇಳುವುದಿಲ್ಲ, ಊಟಿ ನೋಡಲು ಹೋದ ಮೈಸೂರಿನವರಿಗೂ ಸಿಗುತ್ತದೆ. ತುರ್ತು ಚಿಕಿತ್ಸೆಯನ್ನು ಪೊಲೀಸು ಕಾಗದಕ್ಕಾಗಿ ತಡೆಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ರಸ್ತೆಯಲ್ಲಿ ಬಿದ್ದವರನ್ನು ಎತ್ತಿಕೊಂಡು ಹೋದವರಿಗೆ 2019ರ ಮೋಟಾರು ವಾಹನ ತಿದ್ದುಪಡಿಯ ರಕ್ಷಣೆ ಇದೆ.

ಉಳಿದದ್ದು ರಾತ್ರಿಯ ಪ್ರಶ್ನೆ. ಹಗಲು ಅನುಮಾನ ಬಂದ ಗಾಯವನ್ನು ಹಗಲಲ್ಲೇ ತೀರ್ಮಾನಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಂಜೆ ನಾಲ್ಕಕ್ಕೆ ‘ಹೋಗೋಣವೋ ಬೇಡವೋ’ ಎನಿಸಿದರೆ ಹೊರಡಿ. ಮಳೆಗಾಲವಾದರೆ ಇನ್ನೂ ಬೇಗ ಹೊರಡಿ. 2009ರ ನವೆಂಬರಿನ ಭೂಕುಸಿತಗಳಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತಾಗ ಈ ಜಿಲ್ಲೆಯ ರಸ್ತೆಗಳೇ ಕಡಿದುಹೋಗಿದ್ದವು. ಆಂಬುಲೆನ್ಸಿಗೆ ಕರೆ ಮಾಡಿ ಸುಮ್ಮನೆ ಕಾಯುವ ಬದಲು, ಕುತ್ತಿಗೆಗೆ ಪೆಟ್ಟಾಗಿರಬಹುದೆಂಬ ಅನುಮಾನ ಇಲ್ಲದಿದ್ದರೆ, ಊರ ಜೀಪಿನಲ್ಲಿ ಹೊರಟು ದಾರಿಯಲ್ಲಿ ಎದುರಾಗುವಂತೆ ಮಾತಾಡಿಕೊಳ್ಳಬಹುದು. ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟಾದವರನ್ನು ಮಾತ್ರ ಜೀಪಿನಲ್ಲಿ ತುಂಬಬೇಡಿ, ಅವರಿಗೆ ಹಲಗೆಯೂ ಕಲಿತ ಕೈಯೂ ಬೇಕು.

ಈ ವಾರ ಒಂದು ಕೆಲಸ ಮಾಡಿ. ರಾತ್ರಿ ಕರೆದರೂ ಗಾಡಿ ತೆಗೆಯುವ ಇಬ್ಬರ ನಂಬರು, ಹತ್ತಿರದ ಆರೋಗ್ಯ ಕೇಂದ್ರದ ನಂಬರು, ಮನೆಯ ಪ್ರತಿಯೊಬ್ಬರೂ ಕೊನೆಯ ಟಿಟಿ ಹಾಕಿಸಿಕೊಂಡ ವರ್ಷ ಇಷ್ಟನ್ನು ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು, ಮಕ್ಕಳಿಗೂ ಕಾಣುವ ಎತ್ತರಕ್ಕೆ ಅಡುಗೆಮನೆಯ ಗೋಡೆಗೆ ಅಂಟಿಸಿ.